ಐದು ಸಾವಿರದ ಡಬ್ಬಿ, ಒಂದು ರೊಟ್ಟಿಯ ಊಟ: ಒಬ್ಬ ಸೈಕ್ಲಿಸ್ಟ್ ಹುಡುಗಿಯ ಪ್ರಕರಣ

ಇದನ್ನು ಬರೆಯಲು ಹುಡುಗಿಯ ಮತ್ತು ಅವಳ ಅಪ್ಪ ಅವ್ವನ ಒಪ್ಪಿಗೆ ಪಡೆದಿದ್ದೇನೆ. ಹೆಸರು ಬದಲಿಸಿದ್ದೇನೆ, ಊರು ಹೇಳಿಲ್ಲ, ಗುರುತು ಹತ್ತುವಂಥ ಒಂದೆರಡು ವಿವರ ಬೇಕಂತಲೇ ತಿರುವಿದ್ದೇನೆ. ಅವಳನ್ನು ಗೌರಿ ಅಂತ ಕರೆಯೋಣ. ನಾನು ಡಾಕ್ಟರ್ ಅಲ್ಲ, ಆಹಾರ ತಜ್ಞನೂ ಅಲ್ಲ. ವಿಜಯಪುರದಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಬೆಳಗಿನ ಜಾವ ಒಂದಷ್ಟು ಹುಡುಗರು ಮತ್ತು ಆರು ಹುಡುಗಿಯರಿಗೆ ಸೈಕ್ಲಿಂಗ್ ತರಬೇತಿ ಕೊಡುತ್ತೇನೆ. ಮುಂದೆ ಬರುವ ತಪ್ಪುಗಳಲ್ಲಿ ಅರ್ಧ ನನ್ನವೇ.

ಹಿನ್ನೆಲೆ

ಗೌರಿಗೆ ಆಗ 19 ವರ್ಷ. ಬಾಗಲಕೋಟೆ ಜಿಲ್ಲೆಯ ಹಳ್ಳಿಯವಳು. ಅಪ್ಪನಿಗೆ ಮೂರು ಎಕರೆ ಹೊಲ, ಎರಡು ಎಮ್ಮೆ. ನಮ್ಮ ಕಡೆ ಸೈಕ್ಲಿಂಗ್ ಹೊಸದೇನಲ್ಲ. ಸಪಾಟು ರಸ್ತೆ, ಮೈಲುಗಟ್ಟಲೆ ಎರೆ ಹೊಲ, ಎದುರು ಗಾಳಿ. ಇಲ್ಲಿ ಬೆಳೆದ ಮಕ್ಕಳಿಗೆ ಪೆಡಲ್ ತುಳಿಯೋದು ಬೇಗ ಒಗ್ಗುತ್ತದೆ. ಗೌರಿ ಹೈಸ್ಕೂಲಿನಿಂದಲೇ ಸೈಕಲ್ ತುಳಿದವಳು. ರಾಜ್ಯ ಮಟ್ಟದ ಸ್ಪರ್ಧೆಗಳಲ್ಲಿ ಎರಡು ಸಲ ಮೊದಲ ಐದರಲ್ಲಿ ಬಂದಿದ್ದಳು. ಡಿಗ್ರಿಗೆ ಅಂತ ವಿಜಯಪುರಕ್ಕೆ ಬಂದಳು. ಒಂದು ಬಾಡಿಗೆ ಕೋಣೆ, ಮೂವರು ಹುಡುಗಿಯರು, ಒಂದೇ ಗ್ಯಾಸ್ ಒಲೆ. ವಾರಕ್ಕೆ ಎರಡು ಸಲ ಅವ್ವ ಬಸ್ಸಿನಲ್ಲಿ ಬುತ್ತಿ ಕಳಿಸುತ್ತಿದ್ದಳು. ಕಂಡಕ್ಟರ್ ಪರಿಚಯದವನು.

ಜೂನ್‌ನಲ್ಲಿ ಬಬಲೇಶ್ವರದ ಕಡೆ ಹೋಗುವ ರಸ್ತೆಯಲ್ಲಿ 20 ಕಿಲೋಮೀಟರ್ ಟೈಮ್ ಟ್ರಯಲ್ ಮಾಡಿಸಿದಾಗ 33 ನಿಮಿಷ 10 ಸೆಕೆಂಡ್ ತೆಗೆದುಕೊಂಡಳು. ಇನ್ನೊಂದು ವರ್ಷ ಹೀಗೇ ನಡೆದರೆ ರಾಜ್ಯ ತಂಡ ಗ್ಯಾರಂಟಿ ಅಂತ ನನ್ನ ಲೆಕ್ಕ.

ಜುಲೈನಲ್ಲಿ ಅವಳು ಜಿಮ್ ಸೇರಿದಳು. ಕಾಲಿಗೆ ಶಕ್ತಿ ಬೇಕು ಅಂತ ನಾನೇ ಕಳಿಸಿದ್ದು. ಅಲ್ಲಿ ಒಬ್ಬ ಹುಡುಗ ಸಪ್ಲಿಮೆಂಟ್ ಮಾರುತ್ತಿದ್ದ. ಒಳ್ಳೆ ಮಾತುಗಾರ, ಕೆಟ್ಟವನೇನಲ್ಲ. ತಾನೂ ಅದನ್ನೇ ಕುಡಿಯುತ್ತಿದ್ದ. ಅವನು ಗೌರಿಗೆ ಮೂರು ಸಾಮಾನು ಹೇಳಿದ. ಒಂದು ಪ್ರೀ ವರ್ಕೌಟ್ ಪುಡಿ, ಅಂದರೆ ವ್ಯಾಯಾಮಕ್ಕೆ ಮೊದಲು ಕುಡಿಯುವಂಥದು, 2,300 ರೂಪಾಯಿ. ಒಂದು ಬಿಸಿಎಎ ಅನ್ನುವ ಅಮೈನೋ ಆಮ್ಲಗಳ ಪುಡಿ, 1,700. ಆಮೇಲೆ 'ಮೈ ಹಗುರ ಆದರೆ ಸೈಕಲ್ ಹಾರುತ್ತದೆ' ಅಂತ ಫ್ಯಾಟ್ ಬರ್ನರ್ ಮಾತ್ರೆ, 1,200. ತಿಂಗಳಿಗೆ 5,200 ರೂಪಾಯಿ. ಅಪ್ಪ ಹಾಲಿನ ಬಿಲ್ಲು ಬಂದ ದಿನ ಫೋನ್‌ಪೇ ಮಾಡುತ್ತಿದ್ದ. ಮನೆಯ ಹಾಲು ಡೈರಿಗೆ, ಡೈರಿಯ ದುಡ್ಡು ಡಬ್ಬಿಗೆ. ಇದು ನನ್ನ ತಲೆಗೆ ಹೊಳೆದದ್ದು ಆರು ತಿಂಗಳ ಮೇಲೆ.

ಮೊದಲ ಡಬ್ಬಿಯನ್ನು ಅವಳು ನನಗೆ ತಂದು ತೋರಿಸಿದ್ದಳು. 'ಸರ್, ಇದು ನಡೀತದೇನ್ರಿ?' ಅಂತ ಕೇಳಿದಳು. ನಾನು ಡಬ್ಬಿ ಕೈಯಲ್ಲಿ ಹಿಡಿದು ಮುಂದಿನ ಚಿತ್ರ ನೋಡಿದೆ, ಎಫ್‌ಎಸ್‌ಎಸ್‌ಎಐ ಗುರುತು ನೋಡಿದೆ, 'ನಡೀತದ ತಗೊ' ಅಂದೆ. ಹಿಂದೆ ಏನು ಬರೆದಿದೆ ಅಂತ ತಿರುಗಿಸಲೇ ಇಲ್ಲ. ಆ ಗುರುತಿನ ಕೆಳಗಿರುವ 14 ಅಂಕಿಯ ಸಂಖ್ಯೆ ಆಹಾರ ಪದಾರ್ಥ ತಯಾರಿಸಲು ಕೊಟ್ಟ ಲೈಸೆನ್ಸ್ ಸಂಖ್ಯೆ, ಅಷ್ಟೇ. ಒಳಗೆ ಕ್ರೀಡಾಪಟು ಮುಟ್ಟಬಾರದ ವಸ್ತು ಇಲ್ಲ ಅಂತ ಅದು ಹೇಳುವುದಿಲ್ಲ. ಮಾತ್ರೆಯ ಡಬ್ಬಿಯನ್ನಂತೂ ನನಗೆ ತೋರಿಸಲೂ ಇಲ್ಲ. ಒಂದಕ್ಕೆ ಹೂಂ ಅಂದ ಮೇಲೆ ಉಳಿದವಕ್ಕೂ ಹೂಂ ಅಂದಹಾಗೆ ಅಲ್ವಾ?

ಏನಾಗುತ್ತಿತ್ತು

ಮೊದಲ ಮೂರು ವಾರ ಗೌರಿ ಹಾರಿದಳು, ನಿಜ. 'ಸರ್, ಕುಡಿದ ಹತ್ತು ನಿಮಿಷಕ್ಕ ಮೈಯಾಗ ಜುಮು ಜುಮು ಅಂತೈತ್ರಿ, ಪವರ್ ಏರಿದ್ದು ಗೊತ್ತಾಗ್ತೈತಿ' ಅಂದಳು. ಆ ಜುಮು ಜುಮುಗೆ ಕಾರಣ ಬೀಟಾ ಅಲನೈನ್ ಅನ್ನುವ ವಸ್ತು. ಒಮ್ಮೆಗೇ ಜಾಸ್ತಿ ಹೋದರೆ ಚರ್ಮದ ನರಗಳನ್ನು ಕೆಣಕುತ್ತದೆ. ಅದು ಪವರ್ ಅಲ್ಲ, ಕಚಗುಳಿ. ಬೀಟಾ ಅಲನೈನ್ ನಿಜವಾಗಿ ಕೆಲಸ ಮಾಡಬೇಕಾದರೆ ಸ್ವಲ್ಪ ಸ್ವಲ್ಪವಾಗಿ ದಿನಾ ಹಲವು ವಾರ ತೆಗೆದುಕೊಳ್ಳಬೇಕು. ಆಗಲೂ ಅದು ಹೆಚ್ಚಾಗಿ ನೆರವಾಗುವುದು ಅರ್ಧ ನಿಮಿಷದಿಂದ ಹತ್ತು ನಿಮಿಷದವರೆಗಿನ ಜೋರು ಪ್ರಯತ್ನಕ್ಕೆ. 80 ಕಿಲೋಮೀಟರ್ ರಸ್ತೆ ಸ್ಪರ್ಧೆಗೆ ಅದನ್ನು ನಂಬಿ ಕೂರುವಂತಿಲ್ಲ.

ಹಾರಿಸಿದ್ದು ಕೆಫೀನ್. ಒಂದು ಚಮಚ ಪುಡಿಯಲ್ಲಿ 200 ಮಿಲಿಗ್ರಾಂ ಇತ್ತು. ಸುಸ್ತಾದ ದಿನ ಎರಡು ಚಮಚ ಹಾಕುತ್ತಿದ್ದಳು. ಅವಳ ತೂಕ 51 ಕೆಜಿ. ಅಂದರೆ ಕೆಜಿಗೆ ಸುಮಾರು 8 ಮಿಲಿಗ್ರಾಂ. ಸಹನಶಕ್ತಿಯ ಆಟಗಳಲ್ಲಿ ಕೆಫೀನ್ ನೆರವಾಗುತ್ತದೆ ಅನ್ನುವುದಕ್ಕೆ ಒಳ್ಳೆ ಪುರಾವೆ ಇದೆ. ಆದರೆ ಕೆಜಿಗೆ 3ರಿಂದ 6 ಮಿಲಿಗ್ರಾಂ ಸಾಕು, ಎಷ್ಟೋ ಜನರಿಗೆ 3ಕ್ಕಿಂತ ಕಡಿಮೆಯೂ ಸಾಕು. ಅದರ ಮೇಲೆ ಹೋದರೆ ಲಾಭ ಏರುವುದಿಲ್ಲ, ಕೈ ನಡುಕ ಏರುತ್ತದೆ. ಅವಳು ಬೆಳಗ್ಗೆ ನಾಲ್ಕೂವರೆಗೆ ಒಂದು ಸಲ, ಸಂಜೆ ಜಿಮ್‌ಗೆ ಮೊದಲು ಇನ್ನೊಂದು ಸಲ ಕುಡಿಯುತ್ತಿದ್ದಳು. ರಾತ್ರಿ ಒಂದಾದರೂ ನಿದ್ದೆ ಇಲ್ಲ.

ಸೆಪ್ಟೆಂಬರ್‌ನಿಂದ ಇಳಿಕೆ ಶುರುವಾಯಿತು. ಉದ್ದ ರೈಡಿನಲ್ಲಿ 50 ಕಿಲೋಮೀಟರ್ ದಾಟಿದ ಮೇಲೆ ಗುಂಪಿನಿಂದ ಹಿಂದೆ ಬೀಳುತ್ತಿದ್ದಳು. ಬೆಳಗ್ಗೆ ಎದ್ದಾಗಿನ ನಾಡಿ 54 ಇದ್ದದ್ದು 66ಕ್ಕೆ ಬಂತು. ಎರಡು ತಿಂಗಳಲ್ಲಿ ಮೂರು ಸಲ ನೆಗಡಿ. ನವೆಂಬರ್‌ನಲ್ಲಿ ಮತ್ತೆ ಅದೇ 20 ಕಿಲೋಮೀಟರ್ ಮಾಡಿಸಿದೆ. 35 ನಿಮಿಷ 40 ಸೆಕೆಂಡ್. ಸ್ಟಾಪ್‌ವಾಚ್ ಕೆಟ್ಟಿದೆ ಅಂದುಕೊಂಡೆ.

ಏನೇನು ಮಾಡಿ ನೋಡಿದೆವು

ತರಬೇತಿ ಜಾಸ್ತಿಯಾಗಿದೆ ಅಂತ ಮೊದಲು ಹತ್ತು ದಿನ ರಜೆ ಕೊಟ್ಟೆ. ಊರಿಗೆ ಹೋಗಿ ಬಂದಳು. ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು. ಒಂದು ವಾರ ಚೆನ್ನಾಗಿ ತುಳಿದಳು, ಆಮೇಲೆ ಮತ್ತೆ ಅದೇ ಕಥೆ. ಇಲ್ಲಿ ನಾನು ಒಂದು ಪ್ರಶ್ನೆ ಕೇಳಿಕೊಳ್ಳಬೇಕಿತ್ತು. ರಜೆಯಲ್ಲಿ ಸುಧಾರಿಸಿದ್ದು ವಿಶ್ರಾಂತಿಯಿಂದಲೋ, ಅವ್ವನ ಕೈ ಊಟದಿಂದಲೋ? ಕೇಳಿಕೊಳ್ಳಲಿಲ್ಲ.

ಎರಡನೆಯದು ಬೀಟ್‌ರೂಟ್. ಅದರಲ್ಲಿರುವ ನೈಟ್ರೇಟ್ ಅನ್ನು ಬಾಯಿಯ ಎಂಜಲಿನಲ್ಲಿರುವ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ, ಆಮೇಲೆ ಮೈಯೊಳಗೆ ಅದು ನೈಟ್ರಿಕ್ ಆಕ್ಸೈಡ್ ಆಗುತ್ತದೆ, ಅಷ್ಟೇ ಕೆಲಸಕ್ಕೆ ಆಮ್ಲಜನಕ ಸ್ವಲ್ಪ ಕಡಿಮೆ ಸಾಕಾಗುತ್ತದೆ ಅಂತ ಓದಿದ್ದೆ. ಅದು ಸುಳ್ಳಲ್ಲ. ಒಲಿಂಪಿಕ್ ಸಮಿತಿ 2018ರಲ್ಲಿ ಸಪ್ಲಿಮೆಂಟ್‌ಗಳ ಬಗ್ಗೆ ತಜ್ಞರ ಒಮ್ಮತದ ಹೇಳಿಕೆ ಹೊರಡಿಸಿತು. ಆಟದ ಸಾಮರ್ಥ್ಯವನ್ನು ನೇರವಾಗಿ ಹೆಚ್ಚಿಸಬಲ್ಲವು ಅನ್ನಲು ಸಾಕಷ್ಟು ಪುರಾವೆ ಇರುವವು ಅಂತ ಅದರಲ್ಲಿ ಹೇಳಿದ್ದು ಐದೇ: ಕೆಫೀನ್, ಕ್ರಿಯಾಟಿನ್, ನೈಟ್ರೇಟ್, ಬೀಟಾ ಅಲನೈನ್, ಸೋಡಿಯಂ ಬೈಕಾರ್ಬೊನೇಟ್, ಅಂದರೆ ನಮ್ಮ ಅಡುಗೆ ಸೋಡಾ. ಗೌರಿ ತಿಂಗಳಿಗೆ 1,700 ಸುರಿಯುತ್ತಿದ್ದ ಬಿಸಿಎಎ ಈ ಪಟ್ಟಿಯಲ್ಲಿ ಇಲ್ಲ. ಫ್ಯಾಟ್ ಬರ್ನರ್ ಅಂತೂ ಇಲ್ಲವೇ ಇಲ್ಲ. ಬಿಸಿಎಎ ಅಂದರೆ ಮೂರು ಅಮೈನೋ ಆಮ್ಲ. ತೊಗರಿ ಬೇಳೆ, ಶೇಂಗಾ, ಹಾಲು, ಮೊಸರು, ಎಲ್ಲದರಲ್ಲೂ ಇವೆ.

ಸರಿ, ಬೀಟ್‌ರೂಟ್ ರಸ ಶುರು ಮಾಡಿಸಿದೆ. ಮೂರನೇ ದಿನ ಕೋಣೆಯ ಗೆಳತಿ ಫೋನ್ ಮಾಡಿದಳು. ಗೌರಿ ಅಳುತ್ತಿದ್ದಾಳೆ, ಮೂತ್ರದಲ್ಲಿ ರಕ್ತ ಬರುತ್ತಿದೆ ಅಂತ. ನಾನು ನಕ್ಕು, ಅದು ಬೀಟ್‌ರೂಟ್ ಬಣ್ಣ, ಹೆದರಬೇಡ ಅಂದೆ. ಹೇಳಿದ್ದು ಸರಿಯೇ. ಆದರೆ ಹಾಗೆ ಕೆಂಪಾಗುವುದು ಮೈಯಲ್ಲಿ ಕಬ್ಬಿಣ ಕಡಿಮೆ ಇರುವವರಲ್ಲಿ ಹೆಚ್ಚು ಕಾಣುತ್ತದೆ ಅಂತ ಆಮೇಲೆ ಡಾಕ್ಟರ್ ಹೇಳಿದರು. ಅದೊಂದನ್ನೇ ನೋಡಿ ರೋಗ ಹೇಳಲಿಕ್ಕೆ ಆಗುವುದಿಲ್ಲ, ಎಷ್ಟೋ ಆರೋಗ್ಯವಂತರಿಗೂ ಹಾಗಾಗುತ್ತದೆ. ಆದರೂ ಅದೊಂದು ಸುಳಿವಾಗಿತ್ತು, ನಾನು ನಕ್ಕು ಬಿಟ್ಟೆ. ಅದೇ ಫೋನಿನಲ್ಲಿ ಗೆಳತಿ ಇನ್ನೊಂದು ಮಾತು ಹೇಳಿದ್ದಳು. 'ಇಕಿ ಬಳಪ ತಿಂತಾಳ್ರಿ ಸರ್, ಪಾಕೀಟಗಟ್ಟಲೆ.' ಅದಕ್ಕೂ ನಕ್ಕಿದ್ದೆ.

ಹೊಲದಲ್ಲಿ

ಡಿಸೆಂಬರ್ ಕೊನೆಗೆ ಎಳ್ಳಮಾವಾಸ್ಯೆ ಬಂತು. ಪ್ರತಿ ವರ್ಷ ತರಬೇತಿಯ ಮಕ್ಕಳನ್ನು ನಮ್ಮ ಹೊಲಕ್ಕೆ ಚರಗಕ್ಕೆ ಕರೆಯುತ್ತೇನೆ. ಬಿಳಿಜೋಳ ಎದೆಯೆತ್ತರ ಬೆಳೆದಿತ್ತು. ಚರಗ ಚೆಲ್ಲಿ ಬಂದು ಬನ್ನಿ ಗಿಡದ ಕೆಳಗೆ ಕೂತೆವು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಮೊಸರು. ಹುಡುಗರು ನಾಲ್ಕು ನಾಲ್ಕು ರೊಟ್ಟಿ ಇಳಿಸಿದರು. ಗೌರಿ ಒಂದು ರೊಟ್ಟಿ ಮುರಿದು, ಅದರಲ್ಲೂ ಅಂಚು ಬಿಟ್ಟು, ಎದ್ದಳು. ಆಚೆ ಹೋಗಿ ಬ್ಯಾಗಿನಿಂದ ಶೇಕರ್ ತೆಗೆದಳು. ಒಳಗಿನ ಸ್ಪ್ರಿಂಗ್ ಚೆಂಡು ಕಟಕಟ ಅಂತು. ಜೋಳದ ಹೊಲದಲ್ಲಿ ಆ ಸದ್ದು ಎಷ್ಟು ವಿಚಿತ್ರವಾಗಿ ಕೇಳುತ್ತದೆ ಅಂದರೆ, ಗೂಡು ಕಟ್ಟಿದ ಹಕ್ಕಿಯೂ ಎದ್ದು ಹೋಯಿತು.

ನಮ್ಮ ಅಕ್ಕ ಅಲ್ಲೇ ಬಡಿಸುತ್ತಿದ್ದಳು. ಮೂವತ್ತು ವರ್ಷ ನರ್ಸ್ ಆಗಿದ್ದವಳು, ಈಗ ನಿವೃತ್ತಿ. ಅವಳು ಹೋಳಿಗೆಯ ಬುಟ್ಟಿ ಕೆಳಗಿಟ್ಟು ಗೌರಿಯ ಹತ್ತಿರ ಹೋದಳು. ಕೈ ಹಿಡಿದು ಉಗುರು ನೋಡಿದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ತುಟಿಯ ಮೂಲೆ ಒಡೆದದ್ದನ್ನು ನೋಡಿದಳು. ನಾನು ಆರು ತಿಂಗಳಿಂದ ದಿನಾ ನೋಡುತ್ತಿದ್ದ ಮುಖ ಅದು.

'ಯವ್ವಾ, ತಿಂಗಳಾ ತಿಂಗಳಾ ಸರಿಯಾಗಿ ಮುಟ್ಟಾಗ್ತಿಯೇನ?' ಅಂತ ಅಕ್ಕ ಮೆಲ್ಲಗೆ ಕೇಳಿದಳು.

'ನಾಕ ತಿಂಗಳಾತ್ರಿ ಅಕ್ಕಾರ, ಆಗಿಲ್ಲ. ಪ್ರಾಕ್ಟೀಸಿಗೆ ಚಲೋನ ಆತಲ್ಲ ಅನ್ಕೊಂಡ ಸುಮ್ನಿದ್ದೆ' ಅಂದಳಂತೆ.

ಅಕ್ಕ ಬಂದು ನನಗೆ ಹೇಳಿದ್ದು ಒಂದೇ ಮಾತು: 'ನಿನ್ನ ಗಡಿಯಾರ ಕಿಸೆಯಾಗಿಡು. ನಾಳಿ ಇಕಿ ರಕ್ತ ತಪಾಸ ಮಾಡ್ಸು.' ಗಂಡು ಕೋಚ್‌ಗಳು ಈ ಪ್ರಶ್ನೆ ಕೇಳುವುದಿಲ್ಲ. ನಾಚಿಕೆ ಅನ್ನುತ್ತೇವೆ, ಮರ್ಯಾದೆ ಅನ್ನುತ್ತೇವೆ. ಗೌರಿಯ ಪ್ರಕರಣ ತಿರುಗಿದ್ದು ಆ ಒಂದು ಪ್ರಶ್ನೆಯಿಂದ. ಅದನ್ನು ಸೆಪ್ಟೆಂಬರ್‌ನಲ್ಲೇ ಯಾರಾದರೂ ಕೇಳಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು.

ವರದಿ ಮತ್ತು ಲೆಕ್ಕ

ಹಿಮೋಗ್ಲೋಬಿನ್ 10.9. ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ, 8. ಅದು 15ರ ಕೆಳಗೆ ಬಂದರೆ ಕಣಜ ಬರಿದಾದಂತೆ. ಬಿ12 ಕೂಡ ಕಡಿಮೆ ಇತ್ತು. ಅವಳ ಮನೆಯಲ್ಲಿ ಮೊಟ್ಟೆ ಮಾಂಸ ನಡೆಯುವುದಿಲ್ಲ. ಬಳಪ ತಿನ್ನುವ ಚಟವೂ ಕಬ್ಬಿಣದ ಕೊರತೆಯ ಹಳೆಯ ಗುರುತು ಅಂತ ಡಾಕ್ಟರಮ್ಮ ಹೇಳಿದರು. ಆಮ್ಲಜನಕ ಹೊರುವುದೇ ಹಿಮೋಗ್ಲೋಬಿನ್. ಗಾಡಿಯೇ ಸಣ್ಣದಾದಾಗ ಬೀಟ್‌ರೂಟ್ ಕುಡಿಸಿದರೆ ಏನು ಬಂತು?

ಆದರೆ ಕಬ್ಬಿಣ ಅರ್ಧ ಕಥೆ ಮಾತ್ರ. ಮುಟ್ಟು ನಿಂತದ್ದಕ್ಕೆ ಕಾರಣ ಊಟ ಅನ್ನುವ ಗುಮಾನಿ ಡಾಕ್ಟರಮ್ಮನಿಗೆ ಬಂತು. ಬೇರೆ ಕಾರಣ ಇಲ್ಲ ಅಂತ ತಪಾಸಣೆ ಮಾಡಿ ಖಾತ್ರಿ ಮಾಡಿಕೊಂಡರು. ಆಮೇಲೆ ಒಬ್ಬ ಆಹಾರ ತಜ್ಞೆಯ ನಂಬರ್ ಕೊಟ್ಟರು. ಆಕೆ ಫೋನಿನಲ್ಲಿ ಒಂದು ವಾರದ ಊಟ ಬರೆಸಿಕೊಂಡು ಲೆಕ್ಕ ಮಾಡಿದರು. ಈ ಲೆಕ್ಕವನ್ನು ಪ್ರತಿ ಕೋಚ್ ಒಂದು ಸಲ ಕೈಯಾರೆ ಮಾಡಬೇಕು ಅನ್ನಿಸಿದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಗೌರಿ ದಿನಕ್ಕೆ ತಿನ್ನುತ್ತಿದ್ದದ್ದು ಸುಮಾರು 1,700 ಕ್ಯಾಲರಿ. ಸೈಕಲ್ ಮತ್ತು ಜಿಮ್‌ಗೆ ಖರ್ಚಾಗುತ್ತಿದ್ದದ್ದು ಸುಮಾರು 1,000. ಉಳಿದದ್ದು 700. ಅವಳ ತೂಕದಲ್ಲಿ ಕೊಬ್ಬು ಬಿಟ್ಟರೆ 41 ಕೆಜಿ. 700ನ್ನು 41ರಿಂದ ಭಾಗಿಸಿದರೆ 17. ಉಸಿರಾಟ, ಹೃದಯ, ಮುಟ್ಟು, ಎಲುಬು, ರೋಗ ತಡೆಯುವ ಶಕ್ತಿ, ಎಲ್ಲವೂ ಈ 17ರಲ್ಲೇ ನಡೆಯಬೇಕು. ಹೆಂಗಸರಿಗೆ ಇದು 45ರ ಆಸುಪಾಸು ಇದ್ದರೆ ನಿಶ್ಚಿಂತೆ. 30ರ ಕೆಳಗೆ ಬಹಳ ದಿನ ಇದ್ದರೆ ಮೈ ಒಂದೊಂದೇ ಅಂಗಡಿ ಬಾಗಿಲು ಹಾಕುತ್ತದೆ, ಮೊದಲು ಮುಟ್ಟಿನದು. ಇದಕ್ಕೆ 2014ರಲ್ಲಿ ಒಲಿಂಪಿಕ್ ಸಮಿತಿಯ ತಜ್ಞರು ರೆಡ್-ಎಸ್ ಅಂತ ಹೆಸರಿಟ್ಟರು. ಗಂಡು ಹುಡುಗರಿಗೂ ಬರುತ್ತದೆ. ಹೇಳಲಿಕ್ಕೆ ಮುಟ್ಟು ಇಲ್ಲದ್ದರಿಂದ ಅವರಲ್ಲಿ ಇನ್ನೂ ತಡವಾಗಿ ಗೊತ್ತಾಗುತ್ತದೆ.

ಯಾಕೆ ಅಷ್ಟು ಕಡಿಮೆ ತಿನ್ನುತ್ತಿದ್ದಳು? ಸರಳ ಉತ್ತರ: ಕೆಫೀನ್ ಹಸಿವು ಕೊಲ್ಲುತ್ತಿತ್ತು, ಮಾತ್ರೆಯೂ ಕೊಲ್ಲುತ್ತಿತ್ತು. ಜೊತೆಗೆ 'ಪುಡಿ ಕುಡಿದೀನಲ್ಲ, ಎಲ್ಲಾ ಅದರಾಗ ಐತಿ' ಅನ್ನುವ ನಂಬಿಕೆ. ಬಿಸಿಎಎ ಕುಡಿದದ್ದೇ ನಾಷ್ಟಾ ಆಗಿತ್ತು. ಅವ್ವ ಕಳಿಸಿದ ರೊಟ್ಟಿ ಗೆಳತಿಯರು ತಿನ್ನುತ್ತಿದ್ದರು.

ಡಬ್ಬಿ ತಿರುಗಿಸಿದ ರಾತ್ರಿ

ಡಾಕ್ಟರಮ್ಮ ಏನೇನು ಕುಡೀತಾಳೋ ಎಲ್ಲಾ ತನ್ನಿ ಅಂದಿದ್ದರು. ಹಿಂದಿನ ರಾತ್ರಿ ಮೂರೂ ಡಬ್ಬಿ ನನ್ನ ಮನೆಯ ಮೇಜಿನ ಮೇಲಿದ್ದವು. ಮೊದಲ ಸಲ ಹಿಂದೆ ತಿರುಗಿಸಿದೆ. ಫ್ಯಾಟ್ ಬರ್ನರ್ ಮಾತ್ರೆಯ ಅಕ್ಷರ ಎಷ್ಟು ಸಣ್ಣದಿತ್ತು ಅಂದರೆ ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ಓದಬೇಕಾಯಿತು. ಆಮದು ಮಾಡಿದವರ ವಿಳಾಸ ಇರಲಿಲ್ಲ. ಪದಾರ್ಥಗಳ ನಡುವೆ 'ಜೆರೇನಿಯಂ ಸಾರ' ಅಂತ ಇತ್ತು, ಅದರ ಪಕ್ಕ 1,3 ಡೈಮೀಥೈಲ್‌ಅಮೈಲಮೈನ್.

ಈ ಹೆಸರು ನನಗೆ ಎಲ್ಲೋ ಕೇಳಿದಂತಿತ್ತು. ಹುಡುಕಿದೆ. ಇದೇ ಡಿಎಂಎಎ, ಇದಕ್ಕೇ ಮೀಥೈಲ್‌ಹೆಕ್ಸನಮೈನ್ ಅಂತಲೂ ಹೆಸರು. ಡೋಪಿಂಗ್ ತಡೆಯುವ ಜಾಗತಿಕ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿ ಸ್ಪರ್ಧೆಯ ಸಮಯದಲ್ಲಿ ಇರಕೂಡದ ಉತ್ತೇಜಕ. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮೊದಲು ನಮ್ಮ ದೇಶದ ಹಲವು ಕ್ರೀಡಾಪಟುಗಳು ಸಿಕ್ಕಿಬಿದ್ದದ್ದು ಇದೇ ವಸ್ತುವಿಗೆ. ಮರುವರ್ಷ, 2011ರಲ್ಲಿ, ನಮ್ಮ ಮಹಿಳಾ ರಿಲೇ ಓಟಗಾರ್ತಿಯರು ಸ್ಟೀರಾಯ್ಡ್‌ಗೆ ಸಿಕ್ಕಿಬಿದ್ದಾಗ ಚೀನಾದಿಂದ ತಂದ ಜಿನ್ಸೆಂಗ್‌ನಲ್ಲಿ ಅದು ಬೆರೆತಿತ್ತು ಅಂದರು. ಆದರೂ ನಿಷೇಧ ತಪ್ಪಲಿಲ್ಲ. ನಿಯಮ ಅಷ್ಟು ಕಠಿಣ. ಗೊತ್ತಿಲ್ಲದೆ ಹೋಯಿತು, ಕೋಚ್ ಹೂಂ ಅಂದರು, ಅಂಗಡಿಯವ ಕೊಟ್ಟ, ಯಾವುದೂ ನಡೆಯುವುದಿಲ್ಲ. ನಿನ್ನ ಮೈಯೊಳಗೆ ಸಿಕ್ಕಿದ್ದಕ್ಕೆ ನೀನೇ ಹೊಣೆ. ಡೋಪಿಂಗ್ ತಡೆಗೆ ನಮ್ಮ ಸಂಸತ್ತು 2022ರಲ್ಲಿ ಪ್ರತ್ಯೇಕ ಕಾನೂನನ್ನೇ ಅಂಗೀಕರಿಸಿತು.

ಫೆಬ್ರವರಿಯಲ್ಲಿ ಆಯ್ಕೆ ಸ್ಪರ್ಧೆ ಇತ್ತು. ಮಾತ್ರೆ ಆ ದಿನವೇ ನಿಲ್ಲಿಸಿದರೂ ಅದು ಮೈಯಿಂದ ಯಾವಾಗ ಪೂರ್ತಿ ಹೋಗುತ್ತದೆ ಅಂತ ಯಾರು ಹೇಳಬೇಕು? ರಕ್ತವೂ ಇಲ್ಲ. ಸ್ಪರ್ಧೆಯಿಂದ ಹಿಂದೆ ಸರಿಯೋದು ಅಂತ ನಿರ್ಧಾರ ಮಾಡಿದೆವು. ಇಡೀ ಪ್ರಕರಣದಲ್ಲಿ ಕಷ್ಟದ ನಿರ್ಧಾರ ಇದೇ.

ಅಪ್ಪನನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. ಅವರು ಆಸ್ಪತ್ರೆಗೆ ಬಂದವರೇ ಡಾಕ್ಟರಮ್ಮನಿಗೆ ಕೈಮುಗಿದು, 'ಒಂದೆರಡ ಸಲಾಯಿನ್ ಏರ್ಸಿಬಿಡ್ರಿ ಬಾಯಾರ, ಫೆಬ್ರವರಿಗೆ ಎದ್ದ ನಿಂದರ್ತಾಳ' ಅಂದರು. ನಮ್ಮ ಕಡೆ ಸುಸ್ತಿಗೆಲ್ಲ ಸಲಾಯಿನ್ನೇ ಮದ್ದು. ಕ್ರೀಡಾಪಟುವಿಗೆ ಅದೂ ಸಲೀಸಲ್ಲ. ಆಸ್ಪತ್ರೆಯ ಚಿಕಿತ್ಸೆ, ಆಪರೇಷನ್ ಅಥವಾ ತಪಾಸಣೆಯ ಭಾಗವಾಗಿ ಬಿಟ್ಟರೆ, 12 ಗಂಟೆಯಲ್ಲಿ 100 ಮಿಲಿಲೀಟರ್‌ಗಿಂತ ಹೆಚ್ಚು ರಕ್ತನಾಳದ ಮೂಲಕ ಏರಿಸುವುದನ್ನು ವಾಡಾ ನಿಷೇಧಿಸಿದೆ. ಇದು ಬಹಳ ಜನ ಕೋಚ್‌ಗಳಿಗೆ ಗೊತ್ತಿಲ್ಲ. ಡಾಕ್ಟರಮ್ಮ ಸಲಾಯಿನ್ ಬೇಡ, ಮಾತ್ರೆಯೇ ಸಾಕು ಅಂದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಐದ ತಿಂಗಳ ರೊಕ್ಕ ಮಣ್ಣಿಗಿ ಹೋತಲ್ರಿ ಸರ್' ಅಂತ ನನ್ನ ಕಡೆ ನೋಡಿದರು. ನನಗೆ ಉತ್ತರ ಬರಲಿಲ್ಲ.

ಆಮೇಲಿನ ನಾಲ್ಕು ತಿಂಗಳು

ಕಬ್ಬಿಣದ ಮಾತ್ರೆ ದಿನ ಬಿಟ್ಟು ದಿನ, ಬೆಳಗ್ಗೆ, ಲಿಂಬೆ ರಸದ ನೀರಿನ ಜೊತೆ. ಚಹಾ, ಹಾಲು ಅದರ ಹತ್ತಿರ ಬರಕೂಡದು. ದಿನಾ ನುಂಗುವುದಕ್ಕಿಂತ ದಿನ ಬಿಟ್ಟು ನುಂಗಿದರೆ ಒಂದೊಂದು ಮಾತ್ರೆಯಿಂದಲೂ ಮೈ ಹೀರುವ ಪಾಲು ಜಾಸ್ತಿ ಅನ್ನುವುದು ಅದರ ಹಿಂದಿನ ಕಾರಣ. ಇದು ಗೌರಿಯ ವರದಿ ನೋಡಿ ಅವಳಿಗೆ ಬರೆದ ಚೀಟಿ. ಸುಸ್ತಾಗಿದೆ ಅಂತ ಯಾರೂ ವರದಿ ಇಲ್ಲದೆ ಕಬ್ಬಿಣ ನುಂಗಬಾರದು. ಬೇಡದ ಕಬ್ಬಿಣ ಹೊರಹಾಕುವ ದಾರಿ ಮೈಗಿಲ್ಲ, ಅದು ಯಕೃತ್ತಿನಲ್ಲಿ ಕೂತು ಕಾಡುತ್ತದೆ.

ಪುಡಿ ಬಿಟ್ಟ ಮೊದಲ ನಾಲ್ಕು ದಿನ ವಿಪರೀತ ತಲೆನೋವು. ಅದು ಕೆಫೀನ್ ಬಿಟ್ಟದ್ದಕ್ಕೆ. ಎರಡನೇ ವಾರಕ್ಕೆ ನಿದ್ದೆ ಬಂತು. ಹಸಿವು ಬರಲು ಮಾತ್ರ ಮೂರು ವಾರ ಬೇಕಾಯಿತು. ಗುರಿ 2,500 ಕ್ಯಾಲರಿ. ತರಬೇತಿಯನ್ನೂ ಮೊದಲ ತಿಂಗಳು ಅರ್ಧಕ್ಕೆ ಇಳಿಸಿದೆ. ಅಡುಗೆಯದೇ ದೊಡ್ಡ ಸಮಸ್ಯೆ. ರೈಡ್ ಮುಗಿಸಿ ಎಂಟಕ್ಕೆ ಬಂದು, ಒಂದೇ ಒಲೆಯ ಮುಂದೆ ಮೂವರು, ಒಂಬತ್ತೂವರೆಗೆ ಕಾಲೇಜು. ಒಲೆ ಬೇಡದ ಊಟ ಹುಡುಕಿದೆವು. ಊರಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಉಂಡಿ, ಗಟ್ಟಿ ಮೊಸರು. ಕೋಣೆಯಲ್ಲಿ ನೆನೆಸಿ ಮೊಳಕೆ ಬರಿಸಿದ ಮಡಕಿಕಾಳು, ಮೇಲೆ ಹಿಂಡಲು ಲಿಂಬೆ. ಲಿಂಬೆ ಸುಮ್ನೆ ರುಚಿಗಲ್ಲ, ಕಾಳಿನ ಕಬ್ಬಿಣ ಮೈಗೆ ಹತ್ತಲು ಅದರ ಸಿ ಜೀವಸತ್ವ ಬೇಕು. ಮನೆಯಲ್ಲಿ ದಿನಕ್ಕೆ ಒಂದು ಲೀಟರ್ ಹಾಲು ಡೈರಿಗೆ ಹೋಗುವುದು ನಿಂತಿತು. ಮೊಸರಾಗಿ ಬಸ್ಸು ಹತ್ತಿತು.

ರೈಡಿನ ನಡುವೆ ಕುಡಿಯಲು ಒಂದು ಲೀಟರ್ ನೀರಿಗೆ 60 ಗ್ರಾಂ ಬೆಲ್ಲ, ಕಾಲು ಚಮಚ ಉಪ್ಪು, ಒಂದು ಲಿಂಬೆ, ಸೋಸಿ ಬಾಟಲಿಗೆ. ಒಂದು ಗಂಟೆ ದಾಟಿದ ಪ್ರಯತ್ನಕ್ಕೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಹೋಗಬೇಕು. ಇದಕ್ಕೊಂದು ಮುಷ್ಟಿ ನಮ್ಮ ಒಣದ್ರಾಕ್ಷಿ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ಸಹನಶಕ್ತಿಯ ಆಟಕ್ಕೆ ಇದಕ್ಕಿಂತ ದೊಡ್ಡ ಸಪ್ಲಿಮೆಂಟ್ ನಾನು ಕಂಡಿಲ್ಲ. ಖರ್ಚು ಹತ್ತು ರೂಪಾಯಿ ಚಿಲ್ಲರೆ.

ಇಲ್ಲೂ ಒಂದು ಎಡವಟ್ಟು ಮಾಡಿದೆ. ಊರಿನ ತಿನಿಸಿನ ಅಭಿಮಾನ ಏರಿಬಿಟ್ಟಿತ್ತು. ಮಾರ್ಚ್‌ನ ಒಂದು ಉದ್ದ ರೈಡಿನಲ್ಲಿ 30ನೇ ಕಿಲೋಮೀಟರ್‌ಗೆ ಅಮೀನಗಡ ಕರದಂಟು ಕೊಟ್ಟೆ. ಬೆಲ್ಲ, ಅಂಟು, ಗೋಡಂಬಿ, ಕೊಬ್ಬರಿ, ತುಪ್ಪ. ಇನ್ನೇನು ಬೇಕು? 45ಕ್ಕೆ ಬರುವಷ್ಟರಲ್ಲಿ ಹುಡುಗಿ ಹೊಟ್ಟೆ ಹಿಡಿದು ರಸ್ತೆ ಬದಿ ಕೂತಳು. ಅಷ್ಟು ಕೊಬ್ಬು ಇದ್ದರೆ ಹೊಟ್ಟೆಯಿಂದ ಕೆಳಗಿಳಿಯುವುದೇ ತಡ. ಕರದಂಟು ರೈಡ್ ಮುಗಿದ ಮೇಲೆ ತಿನ್ನಲಿಕ್ಕೆ ಚಲೋ. ಸ್ಪರ್ಧೆಯ ಮುಂಜಾನೆ ಜೋಳದ ರೊಟ್ಟಿಯನ್ನೂ ಬಿಟ್ಟೆವು, ನಾರು ಜಾಸ್ತಿ. ಆ ದಿನಕ್ಕೆ ಅವಲಕ್ಕಿ, ಬಾಳೆಹಣ್ಣು.

ಏನಾಯಿತು

ಏಪ್ರಿಲ್‌ನ ವರದಿ: ಹಿಮೋಗ್ಲೋಬಿನ್ 12.4, ಫೆರಿಟಿನ್ 27. ಬಳಪ ತಾನಾಗಿಯೇ ಬಿಟ್ಟುಹೋಯಿತು. ಮುಟ್ಟು ಬರಲು ಮೇ ತನಕ ಕಾಯಬೇಕಾಯಿತು, ಅದನ್ನು ಅವಳು ಹೇಳಿದ್ದು ಅಕ್ಕನಿಗೆ. ತೂಕ 53 ಕೆಜಿ ಆಯಿತು. ಜಿಮ್ಮಿನ ಹುಡುಗ 'ದಪ್ಪ ಆಗೀದಿ, ಇನ್ನ ಸೈಕಲ್ ಎಳ್ಯಾಂಗಿಲ್ಲ' ಅಂದನಂತೆ. ಜೂನ್‌ನಲ್ಲಿ ಅದೇ 20 ಕಿಲೋಮೀಟರ್ ರಸ್ತೆಯಲ್ಲಿ 32 ನಿಮಿಷ 45 ಸೆಕೆಂಡ್. ಹಿಂದಿನ ಜೂನ್‌ಗಿಂತ 25 ಸೆಕೆಂಡ್ ಬೇಗ.

ಇಷ್ಟಕ್ಕೇ ಇದನ್ನು ಗೆಲುವಿನ ಕಥೆ ಮಾಡಬೇಡಿ. ಮುಂದಿನ ಆಯ್ಕೆ ಸ್ಪರ್ಧೆಯಲ್ಲಿ ಅವಳು ಕೊನೆಯ ತನಕ ಮುಂದಿನ ಗುಂಪಿನಲ್ಲೇ ಇದ್ದಳು, ಸ್ಪ್ರಿಂಟ್‌ನಲ್ಲಿ ಸೋತು ಏಳನೆಯವಳಾದಳು. ತಂಡಕ್ಕೆ ಆಯ್ಕೆ ಆಗಲಿಲ್ಲ. ಒಂದು ವರ್ಷ ಹೋದದ್ದು ಹೋಯಿತು. ಆ ದಿನ ಸ್ಪರ್ಧೆಗೆ ಮೊದಲು ಕೆಫೀನ್ ತೆಗೆದುಕೊಂಡಿದ್ದಳು. ಎರಡು ಸಣ್ಣ ಪೊಟ್ಟಣ ಇನ್‌ಸ್ಟಂಟ್ ಕಾಫಿ, ಸುಮಾರು 120 ಮಿಲಿಗ್ರಾಂ, ಒಂದು ಗಂಟೆ ಮೊದಲು. ತರಬೇತಿಯಲ್ಲಿ ಮೂರು ಸಲ ಪರೀಕ್ಷಿಸಿ, ಹೊಟ್ಟೆಗೆ ಒಗ್ಗಿದ ಮೇಲೆ. ಕೆಫೀನ್ 2004ರಿಂದ ನಿಷೇಧಿತ ಪಟ್ಟಿಯಲ್ಲಿ ಇಲ್ಲ. ನಾನು ಸಪ್ಲಿಮೆಂಟ್ ವಿರೋಧಿ ಅಲ್ಲ, ಅದಕ್ಕೇ ಇದನ್ನು ಹೇಳಿದೆ. ಕಾಫಿ ಕೆಲಸ ಮಾಡಿತು, ಯಾಕೆಂದರೆ ಕೆಳಗೆ ರಕ್ತ ಇತ್ತು, ಊಟ ಇತ್ತು, ನಿದ್ದೆ ಇತ್ತು.

ನಾನು ಬದಲಿಸಿಕೊಂಡದ್ದು ಕೆಲವಿವೆ. ಯಾರಾದರೂ ಡಬ್ಬಿ ತಂದರೆ ಮೊದಲು ವಾರದ ಊಟ ಬರೆಸುತ್ತೇನೆ, ಆಮೇಲೆ ಡಬ್ಬಿ ನೋಡುತ್ತೇನೆ. ಡಬ್ಬಿಯ ಹಿಂಭಾಗ ಮೊದಲು. 'ಪ್ರೊಪ್ರೈಟರಿ ಬ್ಲೆಂಡ್', ಅಂದರೆ ಕಂಪನಿಯ ಗುಟ್ಟಿನ ಮಿಶ್ರಣ, ಅಂತ ಬರೆದು ಯಾವುದು ಎಷ್ಟಿದೆ ಹೇಳದಿದ್ದರೆ ಅಲ್ಲಿಗೇ ಬೇಡ. ಪ್ರತಿ ಬ್ಯಾಚ್ ಪರೀಕ್ಷೆ ಮಾಡಿದ ಇನ್‌ಫಾರ್ಮ್ಡ್ ಸ್ಪೋರ್ಟ್‌ನಂಥ ಗುರುತು ಇದ್ದರೆ ಅಪಾಯ ಕಡಿಮೆ, ಪೂರ್ತಿ ಇಲ್ಲ ಅಂತಲ್ಲ. ಔಷಧಿಗಾದರೆ ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾದ ಆ್ಯಪ್ ಇದೆ, ನೆಗಡಿ ಮಾತ್ರೆಯನ್ನೂ ಅದರಲ್ಲಿ ನೋಡಿಯೇ ಹೇಳುತ್ತೇನೆ. ಹುಡುಗಿಯರ ಮಾತು ಕೇಳಲು ತಿಂಗಳಿಗೊಮ್ಮೆ ಅಕ್ಕ ಮೈದಾನಕ್ಕೆ ಬರುತ್ತಾಳೆ. ನಾನು ಆಗ ದೂರ ಇರುತ್ತೇನೆ.

ಪ್ರೀ ವರ್ಕೌಟ್‌ನ ಖಾಲಿ ಡಬ್ಬಿ ಒಂದನ್ನು ಗೌರಿ ಊರಿಗೆ ಒಯ್ದಿದ್ದಳು. ಈಗ ಅದರಲ್ಲಿ ಶೇಂಗಾ ಹಿಂಡಿ ಬರುತ್ತದೆ. ಮುಚ್ಚಳ ಗಟ್ಟಿ, ಬಸ್ಸಿನಲ್ಲಿ ಚೆಲ್ಲುವುದಿಲ್ಲ ಅಂತ ಅವಳ ಅವ್ವನಿಗೆ ಇಷ್ಟ.

ಕಳೆದ ತಿಂಗಳು ಆ ಕೋಣೆಯ ಗೆಳತಿ, ಬಳಪದ ವಿಷಯ ಹೇಳಿದವಳು, ರೈಡ್ ಮುಗಿದ ಮೇಲೆ ಹಿಂದೆ ಉಳಿದಳು. ಅವಳೂ ನಮ್ಮ ಆರು ಹುಡುಗಿಯರಲ್ಲಿ ಒಬ್ಬಳು. 'ಸರ್, ನಂದೂ ಫೆರಿಟಿನ್ ನೋಡ್ಸೋಣೇನ್ರಿ?' ಅಂದಳು. ನೋಡಿಸಿದೆವು. 11 ಬಂತು. ಇಲ್ಲಿಯವರೆಗೆ ಆರರಲ್ಲಿ ಮೂವರದು ಆಗಿದೆ, ಉಳಿದ ಮೂವರದು ಬಾಕಿ.